ಮೈಸೂರು, ಮಂಡ್ಯದಲ್ಲಿ ಮನೆ ಕಟ್ಟಿಸುವವರಿಗೆ: ಆರ್ಕಿಟೆಕ್ಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸೈಟಿಗೆ ವರ್ಷಗಟ್ಟಲೆ ದುಡ್ಡು ಕೂಡಿಡುತ್ತೇವೆ. ಸಾಲಕ್ಕೆ ಬ್ಯಾಂಕಿನಿಂದ ಬ್ಯಾಂಕಿಗೆ ಅಲೆಯುತ್ತೇವೆ. ಟೈಲ್ಸ್ ಆರಿಸಲು ಹತ್ತು ಅಂಗಡಿ ಸುತ್ತುತ್ತೇವೆ. ನಕ್ಷೆಯನ್ನು ಮಾತ್ರ ಎರಡು ದಿನದಲ್ಲಿ ಮುಗಿಸಿಬಿಡುತ್ತೇವೆ. ಮುಂದಿನ ನಲವತ್ತು ಐವತ್ತು ವರ್ಷ ಆ ಮನೆಯಲ್ಲಿ ಹೇಗೆ ಬದುಕುತ್ತೇವೆ ಅನ್ನೋದು ತೀರ್ಮಾನ ಆಗುವುದು ಆ ಎರಡು ದಿನದಲ್ಲೇ. ಈ ಪ್ರಶ್ನೋತ್ತರ ಬರೆದಿದ್ದು ಅದಕ್ಕೇ.

ನಮ್ಮದು ಬರೀ ತರ್ಟಿ ಫಾರ್ಟಿ ಸೈಟು. ಇಷ್ಟಕ್ಕೆ ಆರ್ಕಿಟೆಕ್ಟ್ ಬೇಕಾ?

ಸೈಟು ಚಿಕ್ಕದಾದಷ್ಟೂ ಬೇಕು. ದೊಡ್ಡ ಸೈಟಿನಲ್ಲಿ ಎರಡಡಿ ಹೆಚ್ಚು ಕಡಿಮೆ ಆದರೆ ಗೊತ್ತಾಗುವುದಿಲ್ಲ. 30-40ರಲ್ಲಿ ಅದೇ ಎರಡಡಿಯಿಂದ ಒಂದು ರೂಮೇ ಕೆಡುತ್ತದೆ.

ಮೆಟ್ಟಿಲನ್ನೇ ತೆಗೆದುಕೊಳ್ಳಿ. ಒಂದು ಮಹಡಿಯಿಂದ ಇನ್ನೊಂದಕ್ಕೆ 10 ಅಡಿ, ಅಂದರೆ 120 ಇಂಚು. ಹತ್ತಲು ಸುಲಭ ಆಗಲಿ ಅಂತ ಒಂದೊಂದು ಮೆಟ್ಟಿಲಿಗೆ 6 ಇಂಚು ಎತ್ತರ ಇಟ್ಟರೆ 20 ಸಲ ಹತ್ತಬೇಕು. ಅರ್ಧಕ್ಕೆ ತಿರುಗುವ ಮೆಟ್ಟಿಲಾದರೆ ಒಂದೊಂದು ಕಡೆ ಹತ್ತು. ಹತ್ತನೆಯದು ಲ್ಯಾಂಡಿಂಗೇ, ಅಂದರೆ ತಿರುಗುವ ಜಾಗ. ಉಳಿದ ಒಂಬತ್ತಕ್ಕೆ ಕಾಲಿಡುವ ಜಾಗ 10 ಇಂಚು ಅಂದುಕೊಂಡರೆ ಏಳೂವರೆ ಅಡಿ ಉದ್ದ ಬೇಕು, ಮೂರಡಿ ಲ್ಯಾಂಡಿಂಗ್ ಸೇರಿ ಹತ್ತೂವರೆ ಅಡಿ. ಆತುರದಲ್ಲಿ ಗೀಚಿದ ನಕ್ಷೆಯಲ್ಲಿ ಇದಕ್ಕೆ ಎಂಟೇ ಅಡಿ ಬಿಟ್ಟಿರುತ್ತಾರೆ. ಆಗ ಮೇಸ್ತ್ರಿ ಏನು ಮಾಡಬೇಕು? ಏಳೂವರೆ ಇಂಚು ಎತ್ತರದ 16 ಮೆಟ್ಟಿಲು ಮಾಡಿ, ಕಾಲಿಡಲು ಎಂಟೂವರೆ ಇಂಚು ಬಿಟ್ಟು, ಹೇಗೋ ಹೊಂದಿಸುತ್ತಾನೆ. ಅವನ ತಪ್ಪೇನೂ ಇಲ್ಲ. ಆದರೆ ಮಂಡಿ ನೋವಿರುವ ಅಜ್ಜಿ ಆಮೇಲೆ ಮಹಡಿ ಹತ್ತುವುದೇ ಇಲ್ಲ. ಇಂಥ ಲೆಕ್ಕ ಒಂದು ಮನೆಯಲ್ಲಿ ನೂರಾರು ಇರುತ್ತವೆ. ಅವನ್ನೆಲ್ಲ ಪಾಯ ತೆಗೆಯುವ ಮೊದಲೇ ಕೂತು ಮಾಡುವುದು ಆರ್ಕಿಟೆಕ್ಟ್ ಕೆಲಸ.

ಆರ್ಕಿಟೆಕ್ಟ್‌ಗೂ ಸಿವಿಲ್ ಎಂಜಿನಿಯರಿಗೂ ಏನು ವ್ಯತ್ಯಾಸ?

ಆರ್ಕಿಟೆಕ್ಟ್ ಐದು ವರ್ಷದ ಬಿ.ಆರ್ಕ್ ಓದಿರುತ್ತಾರೆ. ಜಾಗ, ಬೆಳಕು, ಗಾಳಿ, ಓಡಾಟ, ನೋಟ, ಎಲ್ಲವನ್ನೂ ಸೇರಿಸಿ ಮನೆ ಹೇಗಿರಬೇಕು ಅಂತ ಯೋಚಿಸುವುದು ಅವರ ಕೆಲಸ. ಅದು ಗಟ್ಟಿಯಾಗಿ ನಿಲ್ಲಬೇಕಲ್ವಾ? ಕಾಲಂ ಎಷ್ಟು ದಪ್ಪ, ಅದರ ತಳದ ಫುಟಿಂಗ್ ಎಷ್ಟು ಆಳ, ಎಷ್ಟು ಎಂಎಂ ಕಂಬಿ ಎಷ್ಟು ಅಂತರದಲ್ಲಿ, ಇದನ್ನು ಲೆಕ್ಕ ಹಾಕುವವರು ಸ್ಟ್ರಕ್ಚರಲ್ ಎಂಜಿನಿಯರ್. ಎರಡೂ ಬೇಕು. ಒಬ್ಬರು ಇನ್ನೊಬ್ಬರ ಕೆಲಸವನ್ನೂ ಸುಮ್ನೆ ಸೇರಿಸಿ ಮಾಡಿಕೊಡುತ್ತೇನೆ ಅಂದರೆ, ಆ ಭಾಗದ ಲೆಕ್ಕಕ್ಕೆ ಸಹಿ ಯಾರು ಹಾಕುತ್ತಾರೆ ಅಂತ ಕೇಳಿ.

ನಮ್ಮೂರುಗಳಲ್ಲಿ ಮನೆ ವಿನ್ಯಾಸ ಚೆನ್ನಾಗಿ ಮಾಡುವ ಸಿವಿಲ್ ಎಂಜಿನಿಯರುಗಳೂ ಇದ್ದಾರೆ. ಕಾನೂನು ಅದಕ್ಕೆ ಅಡ್ಡಿ ಮಾಡುವುದಿಲ್ಲ. ವಿನ್ಯಾಸದ ಕೆಲಸವನ್ನು ಬೇರೆಯವರೂ ಮಾಡಬಹುದು, ಆದರೆ ನೋಂದಣಿ ಇಲ್ಲದವರು ಆರ್ಕಿಟೆಕ್ಟ್ ಅನ್ನುವ ಹೆಸರು ಹಾಕಿಕೊಳ್ಳುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ.

ಬೋರ್ಡಿನಲ್ಲಿ ಆರ್ಕಿಟೆಕ್ಟ್ ಅಂತ ಇದೆ. ನಿಜವೋ ಸುಳ್ಳೋ ತಿಳಿಯುವುದು ಹೇಗೆ?

1972ರ ಆರ್ಕಿಟೆಕ್ಟ್ಸ್ ಕಾಯ್ದೆ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಆಗಿರಬೇಕು. ನಂಬರು ಸಿಎ ಅಂತ ಶುರುವಾಗುತ್ತದೆ, ಆಮೇಲೆ ನೋಂದಣಿ ಆದ ವರ್ಷ, ಆಮೇಲೆ ಒಂದು ಸಂಖ್ಯೆ. ಕೌನ್ಸಿಲ್ ವೆಬ್‌ಸೈಟಿನಲ್ಲಿ ಹೆಸರು ಹಾಕಿದರೆ ಸಿಗುತ್ತದೆ. ನಂಬರು ಕೇಳಿದರೆ ಯಾವ ಆರ್ಕಿಟೆಕ್ಟೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಲೈಸೆನ್ಸ್‌ಗೆ ಪ್ಲಾನ್ ಮಾಡಿಸಿದ್ದೇವೆ. ಅದು ಸಾಕಲ್ವಾ?

ಸಾಲದು. ಇಡೀ ಪುಟದಲ್ಲಿ ಒಂದೇ ಉತ್ತರ ಓದುತ್ತೀರಾದರೆ ಇದನ್ನು ಓದಿ.

ಪಾಲಿಕೆಗೋ ನಗರಸಭೆಗೋ ಕೊಡುವ ನಕ್ಷೆ ನಿಯಮಕ್ಕೆ ಉತ್ತರ ಹೇಳಲು ಮಾಡಿದ್ದು. ಸುತ್ತ ಎಷ್ಟು ಜಾಗ ಬಿಟ್ಟಿದ್ದೀರಿ, ಒಟ್ಟು ಎಷ್ಟು ಚದರಡಿ ಕಟ್ಟುತ್ತೀರಿ, ಎತ್ತರ ಎಷ್ಟು, ಕಾರು ಎಲ್ಲಿ ನಿಲ್ಲುತ್ತದೆ ಅನ್ನುವುದಷ್ಟೇ ಅದರಲ್ಲಿ ಮುಖ್ಯ. ಆ ಹಾಳೆ ಹಿಡಿದು ಮನೆ ಕಟ್ಟಲು ಹೊರಟರೆ ಮಿಕ್ಕಿದ್ದನ್ನೆಲ್ಲ ಸೈಟಿನಲ್ಲಿ ನಿಂತು, ಮೇಸ್ತ್ರಿ ಕೇಳಿದ ಹೊತ್ತಿಗೆ, ಬಾಯಲ್ಲಿ ಹೇಳಬೇಕಾಗುತ್ತದೆ.

ಕಟ್ಟಲು ಬೇಕಾಗುವುದು ವರ್ಕಿಂಗ್ ಡ್ರಾಯಿಂಗ್. ಕಾಲಂಗಳ ಸೆಂಟರ್ ಲೈನ್. ಪ್ರತಿ ಕಿಟಕಿ, ಬಾಗಿಲಿನ ಅಳತೆ ಮತ್ತು ನೆಲದಿಂದ ಎಷ್ಟು ಎತ್ತರ ಅನ್ನುವುದು. ಅಡುಗೆ ಕಟ್ಟೆ ಎಷ್ಟು ಎತ್ತರ, ಸಿಂಕ್ ಎಲ್ಲಿ, ಗ್ಯಾಸ್ ಪೈಪ್ ಎಲ್ಲಿ. ಬಚ್ಚಲಿನ ಸ್ಲ್ಯಾಬ್ ಎಷ್ಟು ತಗ್ಗಿಸಬೇಕು, ನೀರು ಯಾವ ಕಡೆ ಇಳಿಯಬೇಕು. ಯಾವ ಗೋಡೆಯಲ್ಲಿ ಎಷ್ಟು ಸ್ವಿಚ್, ಯಾವ ಎತ್ತರದಲ್ಲಿ. ಎಲೆಕ್ಟ್ರಿಕಲ್ ಡ್ರಾಯಿಂಗ್ ಇಲ್ಲದ ಮನೆಗೆ ಹೋಗಿ ನೋಡಿ. ಬಾಗಿಲು ತೆಗೆದರೆ ಸ್ವಿಚ್ ಬೋರ್ಡು ಅದರ ಹಿಂದೆ ಸೇರಿಕೊಂಡಿರುತ್ತದೆ. ಬಾಗಿಲು ಯಾವ ಕಡೆ ತೆರೆಯುತ್ತದೆ ಅಂತ ವೈರಿಂಗ್‌ನವರಿಗೆ ಯಾರೂ ಹೇಳಿರುವುದಿಲ್ಲ.

ಹಾಗಾಗಿ "ಪ್ಲಾನ್‌ಗೆ ಎಷ್ಟು?" ಅಂತ ಕೇಳಬೇಡಿ. "ಏನೇನು ಡ್ರಾಯಿಂಗ್ ಕೊಡುತ್ತೀರಿ?" ಅಂತ ಕೇಳಿ. ಕಡಿಮೆ ರೇಟು ಹೇಳಿದವರು ಲೈಸೆನ್ಸ್ ಪ್ಲಾನಿನ ಜೊತೆ ಒಂದು ಬಣ್ಣದ ಎಲಿವೇಶನ್ ಚಿತ್ರ, ಅಂದರೆ ಮನೆಯ ಮುಂಭಾಗದ ಚಿತ್ರ ಕೊಡುತ್ತಾರೆ. ಜಾಸ್ತಿ ಹೇಳಿದವರು ಇಪ್ಪತ್ತು ಮೂವತ್ತು ಹಾಳೆ ಕೊಡುತ್ತಾರೆ. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕಿ ದುಬಾರಿ, ಅಗ್ಗ ಅನ್ನುವುದು ಸರಿಯಲ್ಲ.

ಒಳ್ಳೆಯವರನ್ನು ಎಲ್ಲಿ ಹುಡುಕುವುದು?

ಅವರು ಕಟ್ಟಿಸಿದ ಮನೆಗಳಲ್ಲಿ. ಇಂಟರ್ನೆಟ್ಟಿನ ಫೋಟೋ ಗೃಹಪ್ರವೇಶದ ಹಿಂದಿನ ದಿನದ್ದು. ನೀವು ನೋಡಬೇಕಿರುವುದು ಮೂರು ನಾಲ್ಕು ಮಳೆಗಾಲ ಕಂಡ ಮನೆ. ಆರ್ಕಿಟೆಕ್ಟ್ ಹತ್ತಿರ ಅಂಥ ಎರಡು ವಿಳಾಸ ಕೇಳಿ, ಮನೆಯವರಿಗೆ ಫೋನ್ ಮಾಡಿ ಹೋಗಿ. ಮಧ್ಯಾಹ್ನ ಮೂರು ಗಂಟೆಗೆ ಹೋದರೆ ಇನ್ನೂ ಒಳ್ಳೆಯದು, ಸೆಕೆ ಎಷ್ಟಿದೆ ಅಂತ ಗೊತ್ತಾಗುತ್ತದೆ. ಮನೆಯ ಹೆಂಗಸರನ್ನು, ವಯಸ್ಸಾದವರನ್ನು ಮಾತಾಡಿಸಿ. ಹಗಲೆಲ್ಲ ಆ ಮನೆಯಲ್ಲಿ ಇರುವವರು ಅವರೇ.

ಮೈಸೂರಿನಲ್ಲಿ ವಾಡಿಯಾರ್ ಸೆಂಟರ್ ಫಾರ್ ಆರ್ಕಿಟೆಕ್ಚರ್, ಮೈಸೂರು ಸ್ಕೂಲ್ ಆಫ್ ಆರ್ಕಿಟೆಕ್ಚರ್‌ನಂಥ ಕಾಲೇಜುಗಳಿವೆ. ಓದಿ ಇಲ್ಲೇ ಕಚೇರಿ ತೆರೆದ ಹುಡುಗ ಹುಡುಗಿಯರು ಸಾಕಷ್ಟು ಜನ. ಮಂಡ್ಯದವರು ಮೈಸೂರಿನ ಆರ್ಕಿಟೆಕ್ಟ್ ಹಿಡಿದರೂ ತೊಂದರೆ ಇಲ್ಲ, ಸುಮಾರು 45 ಕಿಲೋಮೀಟರ್ ದಾರಿ. ಬಂದು ಹೋಗುವ ಖರ್ಚು ಯಾರದು ಅಂತ ಮಾತ್ರ ಮೊದಲೇ ಮಾತಾಡಿಕೊಳ್ಳಿ.

ಮೊದಲ ಸಲ ಕೂತಾಗ ನಾವು ಏನು ಹೇಳಬೇಕು?

"ಎರಡು ಬೆಡ್‌ರೂಮು, ಹಾಲು, ಕಿಚನ್, ಪೂಜಾ ರೂಮು." ಎಲ್ಲರೂ ಹೇಳುವುದು ಇಷ್ಟೇ. ಇದರಿಂದ ಯಾರ ಮನೆ ಅಂತಲೂ ಗೊತ್ತಾಗುವುದಿಲ್ಲ.

ನಿಮ್ಮ ದಿನ ಹೇಗೆ ನಡೆಯುತ್ತದೆ ಅಂತ ಹೇಳಿ. ಬೆಳಿಗ್ಗೆ ಮೊದಲು ಏಳುವವರು ಯಾರು, ಕಾಫಿ ಎಲ್ಲಿ ಕೂತು ಕುಡಿಯುತ್ತೀರಿ. ಊರಿನಿಂದ ಅಕ್ಕಿ, ರಾಗಿ, ತೆಂಗಿನಕಾಯಿ ಮೂಟೆಯಲ್ಲಿ ಬರುತ್ತದಾ, ಬಂದರೆ ಎಲ್ಲಿಡುತ್ತೀರಿ. ಹಬ್ಬಕ್ಕೆ ಎಷ್ಟು ಜನ ಸೇರುತ್ತಾರೆ. ದಸರಾಕ್ಕೆ ಗೊಂಬೆ ಕೂರಿಸುತ್ತೀರಾ? ಹಾಗಾದರೆ ಹಾಲಿನ ಒಂದು ಗೋಡೆ ಖಾಲಿ ಬೇಕು, ಗೊಂಬೆ ಪೆಟ್ಟಿಗೆಗೆ ಅಟ್ಟ ಬೇಕು. ಒಗೆದ ಬಟ್ಟೆ ಎಲ್ಲಿ ಒಣಗುತ್ತದೆ? ಮನೆಯಲ್ಲಿ ಅತ್ತೆ ಮಾವ ಇದ್ದರೆ ಕೆಳಗೇ ಒಂದು ರೂಮು, ಅದಕ್ಕೆ ಹತ್ತಿರದಲ್ಲೇ ಬಚ್ಚಲು, ಹೊಸ್ತಿಲಿನ ಎತ್ತರ, ಎಲ್ಲ ಯೋಚಿಸಬೇಕು. ಮನೆಯವರೆಲ್ಲ ಒಟ್ಟಿಗೆ ಕೂತು ಬರೆದು ತನ್ನಿ.

ಬಜೆಟ್ಟನ್ನು ಮುಚ್ಚಿಡಬೇಡಿ. ಕಡಿಮೆ ಹೇಳಿದರೆ ಕಡಿಮೆಯಲ್ಲಿ ಆಗುತ್ತದೆ ಅನ್ನುವ ಆಸೆ ತುಂಬ ಜನಕ್ಕೆ. ಆಗುವುದು ಬೇರೆ: ಮನೆ ಅರ್ಧ ಎದ್ದ ಮೇಲೆ ಕಿಟಕಿ ಮರ, ನೆಲ, ಪೇಂಟು, ಎಲ್ಲದರಲ್ಲೂ ಕೈ ಬಿಗಿ ಹಿಡಿಯಬೇಕಾಗುತ್ತದೆ. ಇರುವ ದುಡ್ಡು ಹೇಳಿ, ಅದರಲ್ಲಿ ಹತ್ತನೇ ಒಂದು ಪಾಲು ಎತ್ತಿಟ್ಟು ಉಳಿದದ್ದಕ್ಕೆ ವಿನ್ಯಾಸ ಮಾಡಿಸಿ.

ಫೀಸು ಹೇಗೆ ಲೆಕ್ಕ ಹಾಕುತ್ತಾರೆ?

ಮೂರು ಪದ್ಧತಿ ಇದೆ. ಕಟ್ಟುವ ಖರ್ಚಿನ ಮೇಲೆ ಇಷ್ಟು ಶೇಕಡಾ, ಚದರಡಿಗೆ ಇಷ್ಟು, ಇಲ್ಲವೇ ಒಟ್ಟು ಇಷ್ಟು. ಮನೆಗೆ ಚದರಡಿ ಅಥವಾ ಒಟ್ಟು ಮೊತ್ತ ಸುಲಭ, ಗೊಂದಲ ಕಡಿಮೆ. ಜಿಎಸ್‌ಟಿ ನೋಂದಣಿ ಇರುವವರಾದರೆ ಮೇಲೆ ಶೇಕಡಾ 18 ಸೇರುತ್ತದೆ. ಹೇಳಿದ ಮೊತ್ತದಲ್ಲಿ ಅದು ಸೇರಿದೆಯಾ ಕೇಳಿ. ಸ್ಟ್ರಕ್ಚರಲ್ ಎಂಜಿನಿಯರ್ ಫೀಸು ಸೇರಿದೆಯಾ ಅಂತಲೂ ಕೇಳಿ.

ದುಡ್ಡು ಹಂತ ಹಂತವಾಗಿ ಕೊಡಿ. ಮೊದಲ ನಕ್ಷೆ ಒಪ್ಪಿದಾಗ, ಲೈಸೆನ್ಸ್‌ಗೆ ಕೊಟ್ಟಾಗ, ವರ್ಕಿಂಗ್ ಡ್ರಾಯಿಂಗ್ ಕೈಗೆ ಬಂದಾಗ, ಆಮೇಲೆ ಕಟ್ಟಡದ ಹಂತಗಳಿಗೆ ತಕ್ಕಂತೆ. ಎಲ್ಲವನ್ನೂ ಎರಡು ಪುಟದ ಒಪ್ಪಂದದಲ್ಲಿ ಬರೆದುಕೊಳ್ಳಿ. ನೆಂಟರ ಮಗ, ಪರಿಚಯದವರು ಅಂತ ಸಂಕೋಚ ಪಡಬೇಡಿ. ಬರೆದಿಟ್ಟರೆ ನೆಂಟಸ್ತನ ಉಳಿಯುತ್ತದೆ.

ವಾಸ್ತು, ಆಯ ಎಲ್ಲ ನೋಡುತ್ತಾರಾ?

ಇಲ್ಲಿ ಕೆಲಸ ಮಾಡುವವರು ಹೆಚ್ಚಿನವರು ನೋಡುತ್ತಾರೆ. ಅಡುಗೆಮನೆ ಆಗ್ನೇಯ, ಸಂಪು ಈಶಾನ್ಯ, ಇವನ್ನು ಮೊದಲೇ ಹೇಳಿದರೆ ಒಳ್ಳೆಯ ನಕ್ಷೆಯಲ್ಲಿ ಹೊಂದಿಕೊಳ್ಳುತ್ತವೆ. ಕಷ್ಟ ಆಗುವುದು ತಡವಾಗಿ ತಂದಾಗ. ನಕ್ಷೆ ಮುಗಿದು, ಸ್ಟ್ರಕ್ಚರಲ್ ಲೆಕ್ಕ ಮುಗಿದ ಮೇಲೆ ವಾಸ್ತು ನೋಡುವವರನ್ನು ಕರೆಸಿ, ಅವರು ಬಾಗಿಲು ಮೂರಡಿ ಸರಿಸಿ ಅಂದರೆ ಕಾಲಂ ಅಡ್ಡ ಬರುತ್ತದೆ. ನಿಮಗೆ ನಂಬಿಕೆ ಇರುವವರನ್ನು ಮೊದಲ ಕರಡು ನಕ್ಷೆಯಲ್ಲೇ ಕೂರಿಸಿ, ಒಬ್ಬರೇ ಸಾಕು. ಆಷಾಢ ಬರುವ ಮೊದಲು ಗುದ್ದಲಿ ಪೂಜೆ ಆಗಬೇಕು ಅಂತಿದ್ದರೆ ವಿನ್ಯಾಸಕ್ಕೆ ಕನಿಷ್ಠ ಮೂರು ನಾಲ್ಕು ತಿಂಗಳು ಮುಂಚೆ ಹೋಗಿ.

ಮೈಸೂರು ತಂಪು ಊರು. ಬಿಸಿಲಿನ ಬಗ್ಗೆ ಅಷ್ಟು ಯೋಚಿಸಬೇಕಾ?

ಮಾರ್ಚ್, ಏಪ್ರಿಲ್‌ನಲ್ಲಿ ಮಹಡಿ ರೂಮಿನಲ್ಲಿ ಮಲಗಿ ನೋಡಿದವರು ಈ ಪ್ರಶ್ನೆ ಕೇಳುವುದಿಲ್ಲ. ಪಶ್ಚಿಮದ ಗೋಡೆ ಮಧ್ಯಾಹ್ನದಿಂದ ಸಂಜೆವರೆಗೆ ಕಾಯುತ್ತದೆ, ರಾತ್ರಿ ಆ ಶಾಖ ಒಳಗೆ ಬಿಡುತ್ತದೆ. ಆ ಕಡೆ ಮೆಟ್ಟಿಲು, ಬಚ್ಚಲು, ಸ್ಟೋರು, ವಾರ್ಡ್‌ರೋಬು ಇಟ್ಟರೆ ಮಲಗುವ ಕೋಣೆ ಬಚಾವಾಗುತ್ತದೆ.

ತುಂಬ ಜನಕ್ಕೆ ಗೊತ್ತಿಲ್ಲದ ಇನ್ನೊಂದು ವಿಷಯ ಇದೆ. ಮೈಸೂರು ಇರುವುದು 12 ಡಿಗ್ರಿ ಚಿಲ್ಲರೆ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರದ ಕಡೆ ಇರುತ್ತಾನೆ. ಆದ್ದರಿಂದ ಉತ್ತರದ ಕಿಟಕಿಗೂ ಸಜ್ಜಾ ಬೇಕು. ಈಚಿನ ಡಬ್ಬಿ ಆಕಾರದ ಎಲಿವೇಶನ್‌ಗಳಲ್ಲಿ ಸಜ್ಜಾನೇ ಇರುವುದಿಲ್ಲ. ಮೊದಲ ಜೋರು ಮಳೆಗೆ ಕಿಟಕಿ ಸಂದಿಯಿಂದ ನೀರು ಒಳಗೆ ಬರುತ್ತದೆ. ಚಿತ್ರ ಎಷ್ಟೇ ಚೆನ್ನಾಗಿರಲಿ, ಸಜ್ಜಾ ಬಿಟ್ಟುಕೊಡಬೇಡಿ.

ಮಳೆನೀರನ್ನೂ ಆಗಲೇ ಯೋಚಿಸಿ. ಮೈಸೂರಿಗೆ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ. 10 ಚದರದ ತಾರಸಿ, ಅಂದರೆ 1000 ಚದರಡಿ ಮೇಲೆ ಬೀಳುವ ನೀರು ಹೆಚ್ಚು ಕಡಿಮೆ 74,000 ಲೀಟರ್. ಪೈಪು ಎಲ್ಲಿ ಇಳಿಯಬೇಕು ಅನ್ನುವುದು ಡ್ರಾಯಿಂಗಿನಲ್ಲೇ ಇದ್ದರೆ ಆಮೇಲೆ ಗೋಡೆ ಒಡೆಯುವ ಕೆಲಸ ಇರುವುದಿಲ್ಲ.

ಮಂಡ್ಯದಲ್ಲಿ ಗದ್ದೆ ಬಯಲಿನ ಲೇಔಟಿನಲ್ಲಿ ಸೈಟಿದೆ. ಬೇರೆ ಏನಾದರೂ ನೋಡಬೇಕಾ?

ಮಣ್ಣು ಪರೀಕ್ಷೆ ಮಾಡಿಸದೆ ಪಾಯ ತೆಗೆಯಬೇಡಿ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದ ಬಯಲಿನಲ್ಲಿ ಮೇಲೆ ಎರಡು ಮೂರಡಿ ಹೊಸ ಮಣ್ಣು ತುಂಬಿ ಸಮ ಮಾಡಿರುತ್ತಾರೆ. ನೋಡಲು ಗಟ್ಟಿ, ಕೆಳಗೆ ಮೆತ್ತಗಿನ ಜೇಡಿ. ಕಪ್ಪು ಮಣ್ಣಾದರೆ ನೀರಿಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ, ಗೋಡೆ ಬಿರುಕು ಬಿಡುತ್ತದೆ. ತುಂಬಿದ ಮಣ್ಣಿನ ಮೇಲೆ ಫುಟಿಂಗ್ ಕೂರಿಸಬಾರದು, ಅಸಲು ನೆಲ ಸಿಗುವವರೆಗೆ ಹೋಗಬೇಕು.

ನಾಲೆಯಲ್ಲಿ ನೀರು ಬಿಟ್ಟಾಗ ಅಂತರ್ಜಲ ಮೇಲೆ ಬರುತ್ತದೆ. ಅಂಥ ಕಡೆ ಖಾಲಿ ಸಂಪನ್ನು ಕೆಳಗಿನ ನೀರು ಎತ್ತಿ ಬಿರುಕು ಬಿಡಿಸುವುದುಂಟು. ಸಂಪಿನ ತಳವನ್ನು ಇಟ್ಟಿಗೆಯಲ್ಲಿ ಮಾಡಬೇಕೋ ಕಾಂಕ್ರೀಟಿನಲ್ಲೋ ಅನ್ನುವುದನ್ನು ಮೇಸ್ತ್ರಿಗೆ ಬಿಡದೆ ಎಂಜಿನಿಯರ್ ಹತ್ತಿರ ಬರೆಸಿಕೊಳ್ಳಿ. ನಿಮ್ಮ ಪಕ್ಕದ ಸೈಟಿನವರು ಪಾಯ ತೆಗೆದಾಗ ಎಷ್ಟಡಿಗೆ ನೀರು ಬಂತು ಅಂತ ವಿಚಾರಿಸಿದರೆ ಅರ್ಧ ಮಾಹಿತಿ ಅಲ್ಲೇ ಸಿಗುತ್ತದೆ.

ಯಾವ ಕಾಗದ ಬೇಕು, ಯಾವ ಆಫೀಸಿಗೆ ಹೋಗಬೇಕು?

ಕ್ರಯಪತ್ರ, ಖಾತೆ, ಈ ಸಾಲಿನ ಕಂದಾಯ ರಸೀದಿ, ಇಸಿ (ಋಣಭಾರ ಪತ್ರ), ಸೈಟಿನ ಚಕ್ಕುಬಂದಿ. ರೆವಿನ್ಯೂ ಜಮೀನಿನಲ್ಲಿ ಆಗಿದ್ದರೆ ಭೂ ಪರಿವರ್ತನೆ ಆದೇಶ ಮತ್ತು ಲೇಔಟ್ ಅನುಮೋದನೆ. ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11.

ಸೈಟು ಪಾಲಿಕೆಗೆ ಸೇರಿದೆಯೋ, ಅಭಿವೃದ್ಧಿ ಪ್ರಾಧಿಕಾರಕ್ಕೋ, ಪಂಚಾಯಿತಿಗೋ ಅನ್ನುವುದರ ಮೇಲೆ ಆಫೀಸು ಬದಲಾಗುತ್ತದೆ. ಮೈಸೂರಿನಲ್ಲೂ ಮುಡಾ, ಮಂಡ್ಯದಲ್ಲೂ ಮುಡಾ ಅಂತಲೇ ಜನ ಕರೆಯುತ್ತಾ ಬಂದಿರುವುದರಿಂದ ಕಾಗದದಲ್ಲಿ ಊರಿನ ಹೆಸರು ಸರಿಯಾಗಿ ನೋಡಿಕೊಳ್ಳಿ. ಸೆಟ್‌ಬ್ಯಾಕ್, ಅಂದರೆ ಮನೆ ಸುತ್ತ ಖಾಲಿ ಜಾಗ ಎಷ್ಟು ಬಿಡಬೇಕು ಅನ್ನುವುದು ಸೈಟಿನ ಅಳತೆ, ರಸ್ತೆಯ ಅಗಲದ ಮೇಲೆ ಹೋಗುತ್ತದೆ. ನಿಯಮ ಆಗಾಗ ತಿದ್ದುಪಡಿ ಆಗುವುದರಿಂದ ಪಕ್ಕದ ಮನೆ ನೋಡಿ ಅಳೆಯಬೇಡಿ.

ನಕ್ಷೆ ಮೀರಿ ಕಟ್ಟಿ ಆಮೇಲೆ ನೋಡಿಕೊಂಡರಾಯಿತು ಅನ್ನುವ ಕಾಲ ಹೋಯಿತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದ ಪ್ರಕಾರ ಪೂರ್ಣತಾ ಪತ್ರ ಅಥವಾ ವಾಸಯೋಗ್ಯ ಪತ್ರ ಇಲ್ಲದ ಕಟ್ಟಡಕ್ಕೆ ಕರೆಂಟು, ನೀರಿನ ಸಂಪರ್ಕ ಕೊಡುವಂತಿಲ್ಲ. ಚಿಕ್ಕ ಸೈಟಿನ ಮನೆಗಳಿಗೆ ರಾಜ್ಯ ಸರ್ಕಾರ ಕೆಲವು ವಿನಾಯಿತಿ ತಂದಿದೆ. ನಿಮ್ಮ ಮನೆಗೆ ಅದು ಅನ್ವಯ ಆಗುತ್ತದಾ ಅಂತ ಕರೆಂಟು ಕೊಡುವ ಸೆಸ್ಕ್ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ.

ಶ್ರೀರಂಗಪಟ್ಟಣದಲ್ಲಿ ಕಟ್ಟಬಹುದಾ?

ಸ್ಮಾರಕ ಎಷ್ಟು ದೂರ ಅನ್ನುವುದರ ಮೇಲಿದೆ. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷೇಧ. ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಪಡೆದೇ ಕಟ್ಟಬೇಕು. ರಂಗನಾಥಸ್ವಾಮಿ ದೇವಸ್ಥಾನ, ದರಿಯಾ ದೌಲತ್ ಸುತ್ತಮುತ್ತ ಸೈಟು ಕೊಳ್ಳುವವರು ಅಡ್ವಾನ್ಸ್ ಕೊಡುವ ಮೊದಲೇ ಅಳೆಸಿ.

ತಾತನ ಕಾಲದ ಮನೆ. ಕೆಡವಬೇಕಾ, ಉಳಿಸಬೇಕಾ?

ಕೆಡವಿ ಅನ್ನುವ ಸಲಹೆ ಎಲ್ಲರೂ ಕೊಡುತ್ತಾರೆ. ಹಳೆಯ ಕಟ್ಟಡದಲ್ಲಿ ಕೆಲಸ ಮಾಡಿ ಗೊತ್ತಿರುವ ಆರ್ಕಿಟೆಕ್ಟನ್ನು ಒಂದು ಸಲ ಕರೆಸಿ ತೋರಿಸಿ. ಮೈಸೂರಿನಲ್ಲಿ 1903ರಲ್ಲಿ ನಗರ ಸುಧಾರಣಾ ಟ್ರಸ್ಟ್ ಬೋರ್ಡು ಶುರುವಾದ ಮೇಲೆ ಬೆಳೆದ ಹಳೇ ಮೊಹಲ್ಲಾಗಳಲ್ಲಿ ಮದ್ರಾಸ್ ತಾರಸಿ (ಮರದ ತೊಲೆ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿದ್ದು), ಮಂಗಳೂರು ಹೆಂಚು, ರೆಡ್ ಆಕ್ಸೈಡ್ ನೆಲದ ಮನೆಗಳು ಇನ್ನೂ ಇವೆ. ಎತ್ತರದ ಮಾಡು, ದಪ್ಪ ಗೋಡೆ. ಬೇಸಿಗೆಯಲ್ಲಿ ಒಳಗೆ ಹೋದರೆ ವ್ಯತ್ಯಾಸ ಗೊತ್ತಾಗುತ್ತದೆ.

ಇಂಥ ಮನೆಗಳ ಗೋಡೆ ಸುಣ್ಣದ ಗಾರೆಯದ್ದು. ತೇವ ಬಂತು ಅಂತ ಮೇಲೆ ಸಿಮೆಂಟ್ ಪ್ಲಾಸ್ಟರ್ ಬಳಿದರೆ ಒಳಗಿನ ತೇವ ಹೊರಗೆ ಬರಲು ದಾರಿ ಇಲ್ಲದೆ ಗೋಡೆ ಇನ್ನೂ ಹಾಳಾಗುತ್ತದೆ. ಸುಣ್ಣಕ್ಕೆ ಸುಣ್ಣವೇ ಆಗಬೇಕು. ಮರದ ತೊಲೆಯಲ್ಲಿ ಒಂದೆರಡು ಗೆದ್ದಲು ಹಿಡಿದಿದ್ದರೆ ಅವನ್ನಷ್ಟೇ ಬದಲಾಯಿಸಬಹುದು. ಕಟ್ಟಡ ಪಾರಂಪರಿಕ ಪಟ್ಟಿಯಲ್ಲಿ ಇದೆಯಾ ಅಂತ ಪಾಲಿಕೆಯಲ್ಲಿ ವಿಚಾರಿಸಿ, ಇದ್ದರೆ ಕೈ ಹಾಕುವ ಮೊದಲು ಒಪ್ಪಿಗೆ ಬೇಕು.

ಕಾಂಟ್ರ್ಯಾಕ್ಟರನ್ನೂ ಆರ್ಕಿಟೆಕ್ಟೇ ಗೊತ್ತುಮಾಡಲಿ ಅಲ್ವಾ?

ಹೆಸರು ಹೇಳಲಿ, ಆಯ್ಕೆ ನಿಮ್ಮದಾಗಿರಲಿ. ಒಂದೇ ಡ್ರಾಯಿಂಗ್ ಮತ್ತು ಒಂದೇ ಸಾಮಗ್ರಿ ಪಟ್ಟಿ ಕೊಟ್ಟು ಮೂವರ ಹತ್ತಿರ ಕೊಟೇಶನ್ ತೆಗೆದುಕೊಳ್ಳಿ. ಲೇಬರ್ ಕಾಂಟ್ರ್ಯಾಕ್ಟೋ, ಮೆಟೀರಿಯಲ್ ಸಮೇತವೋ ಸ್ಪಷ್ಟ ಮಾಡಿ. ಆರ್ಕಿಟೆಕ್ಟ್ ಆದವರು ಕಾಂಟ್ರ್ಯಾಕ್ಟರಿಂದ, ಟೈಲ್ಸ್ ಅಂಗಡಿಯಿಂದ ಕಮಿಷನ್ ತೆಗೆದುಕೊಳ್ಳುವುದು ಕೌನ್ಸಿಲ್ಲಿನ 1989ರ ನಡತೆ ನಿಯಮಕ್ಕೆ ವಿರುದ್ಧ. ಆರ್ಕಿಟೆಕ್ಟ್ ನಿಮ್ಮ ಪರವಾಗಿ ಕಾಂಟ್ರ್ಯಾಕ್ಟರನ್ನು ಪ್ರಶ್ನೆ ಮಾಡಬೇಕಾದವರು, ಅವರ ಹಂಗಿನಲ್ಲಿ ಇದ್ದರೆ ಹೇಗೆ ಮಾಡುತ್ತಾರೆ?

ಆರ್ಕಿಟೆಕ್ಟ್ ಸೈಟಿಗೆ ಎಷ್ಟು ಸಲ ಬರಬೇಕು?

ದಿನಾ ಬರುವುದಿಲ್ಲ, ಅದು ಸೈಟ್ ಎಂಜಿನಿಯರ್ ಕೆಲಸ. ಆದರೆ ಕೆಲವು ದಿನ ತಪ್ಪಬಾರದು: ಮಾರ್ಕಿಂಗ್ ದಿನ, ಫುಟಿಂಗ್ ಕಂಬಿ ಕಟ್ಟಿದಾಗ, ಪ್ಲಿಂತ್ ಬೀಮ್, ಬಾಗಿಲು ಇಡುವಾಗ, ಮೋಲ್ಡ್ ಹಾಕುವ ಹಿಂದಿನ ದಿನ, ಪ್ಲಾಸ್ಟರಿಂಗ್‌ಗೆ ಮೊದಲು. ಕಂಬಿಯನ್ನು ಎಂಜಿನಿಯರ್ ನೋಡಿ ಸಹಿ ಹಾಕದೆ ಕಾಂಕ್ರೀಟ್ ಸುರಿಯಲು ಬಿಡಬೇಡಿ.

ನೀವು ದಿನಾ ನೋಡಬೇಕಾದದ್ದು ಕ್ಯೂರಿಂಗ್. ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟ್ ಆದರೆ ಕನಿಷ್ಠ 10 ದಿನ ಕಾಂಕ್ರೀಟ್ ಒದ್ದೆ ಇರಬೇಕು. ಭಾನುವಾರ, ಹಬ್ಬದ ದಿನ ನೀರು ಹಾಕುವವರು ಯಾರೂ ಇರುವುದಿಲ್ಲ. ಆ ದಿನ ಮನೆಯವರೇ ಹೋಗಿ.

ಕಟ್ಟುವಾಗ ಬದಲಾವಣೆ ಮಾಡಬಹುದಾ?

ಮಾಡಬಹುದು, ಆರ್ಕಿಟೆಕ್ಟ್‌ಗೆ ಹೇಳಿ ಡ್ರಾಯಿಂಗ್ ತಿದ್ದಿಸಿ. ನೀವೇ ನೇರ ಮೇಸ್ತ್ರಿಗೆ ಹೇಳಬೇಡಿ. ಬಂದುಹೋದ ನೆಂಟರೆಲ್ಲ ಒಂದೊಂದು ಸಲಹೆ ಕೊಡುತ್ತಾರೆ. ಮನೆಯ ಪರವಾಗಿ ಒಬ್ಬರೇ ಮಾತಾಡಲಿ.

ಅದೇ ಪ್ಲಾನ್ ತಮ್ಮನ ಸೈಟಿಗೂ ಬಳಸಬಹುದಾ?

ಕೇಳದೆ ಬಳಸುವಂತಿಲ್ಲ. ನೀವು ಫೀಸು ಕೊಟ್ಟಿರುವುದು ಒಂದು ಮನೆಗೆ, ಡ್ರಾಯಿಂಗಿನ ಹಕ್ಕು ಆರ್ಕಿಟೆಕ್ಟ್‌ದು. ತಮ್ಮನ ಸೈಟಿನ ದಿಕ್ಕು, ಮಣ್ಣು ಕೂಡ ಬೇರೆ ಇರುತ್ತದೆ.

ಆರ್ಕಿಟೆಕ್ಟ್ ಜೊತೆ ಹೊಂದಾಣಿಕೆ ಆಗಲಿಲ್ಲ ಅಂದರೆ?

ಅಲ್ಲಿವರೆಗಿನ ಕೆಲಸಕ್ಕೆ ಲೆಕ್ಕ ಚುಕ್ತಾ ಮಾಡಿ, ಬರಹದಲ್ಲಿ ಮುಗಿಸಿ, ಆಮೇಲೆ ಇನ್ನೊಬ್ಬರ ಹತ್ತಿರ ಹೋಗಿ. ಹೊಸಬರಿಗೆ ಹಳಬರ ವಿಷಯ ಹೇಳಿಬಿಡಿ. ವೃತ್ತಿಯಲ್ಲಿ ಮೋಸ ಆಗಿದ್ದರೆ ಕೌನ್ಸಿಲ್‌ಗೆ ದೂರು ಕೊಡಬಹುದು. ಸೇವೆಯಲ್ಲಿ ಕೊರತೆ ಅಂದರೆ ಜಿಲ್ಲಾ ಗ್ರಾಹಕ ಆಯೋಗ ಇದೆ, ಎರಡು ವರ್ಷದೊಳಗೆ ಹೋಗಬೇಕು. ಎರಡು ಕಡೆಯೂ ಮೊದಲು ಕೇಳುವುದು ಒಪ್ಪಂದದ ಪ್ರತಿಯನ್ನೇ.

ಮನೆ ಮುಗಿದ ಮೇಲೆ ಏನೇನು ಕೇಳಿ ಇಟ್ಟುಕೊಳ್ಳಬೇಕು?

ಮಂಜೂರಾದ ನಕ್ಷೆ, ಸ್ಟ್ರಕ್ಚರಲ್ ಡ್ರಾಯಿಂಗ್, ಮತ್ತು ಕೊನೆಗೆ ನಿಜವಾಗಿ ಕಟ್ಟಿದ್ದು ಹೇಗಿದೆಯೋ ಹಾಗೆ ತಿದ್ದಿದ ಡ್ರಾಯಿಂಗ್. ಮುಂದೆ ಮೇಲೊಂದು ಮಹಡಿ ಏರಿಸಬೇಕು ಅಂದಾಗ ಫುಟಿಂಗ್ ತಡೆಯುತ್ತದಾ ಅಂತ ಹೇಳಲು ಇವೇ ಬೇಕು. ಪ್ಲಾಸ್ಟರಿಂಗ್‌ಗೆ ಮೊದಲು ಪ್ರತಿ ಗೋಡೆಯ ಪೈಪು, ವೈರಿನ ಫೋಟೋ ತೆಗೆದು, ಯಾವ ರೂಮು, ಯಾವ ಗೋಡೆ ಅಂತ ಹೆಸರು ಹಾಕಿಡಿ. ಟ್ಯಾಂಕು, ಮೋಟರು, ವಾಟರ್‌ಪ್ರೂಫಿಂಗ್ ಬಿಲ್ಲು ಮತ್ತು ಗ್ಯಾರಂಟಿ ಕಾರ್ಡುಗಳನ್ನೂ ಅದೇ ಫೈಲಿಗೆ ಸೇರಿಸಿ.